ಜಿರ್ಕಲಾಯ್ ಎಂಬ ಕಲಾಯಿ

ಬಿಬವೇವಾಡಿಯ ಯಾವುದಾದರೂ ಹಳೆಯ ಸೊಸೈಟಿಯ ಕಬ್ಬಿಣದ ಗೇಟನ್ನು ಮಳೆಗಾಲ ಮುಗಿಯುವ ಹೊತ್ತಿಗೆ ಒಮ್ಮೆ ಕೈಯಿಂದ ಸವರಿ ನೋಡಿ. ಅಂಗೈ ಕಂದು ಬಣ್ಣವಾಗುತ್ತದೆ. ದೀಪಾವಳಿಗೆ ಮುಂಚೆ ಚೇರ್ಮನ್ ಸಾಹೇಬರು ಬಣ್ಣ ಬಳಿಸುತ್ತಾರೆ. ಮುಂದಿನ ಶ್ರಾವಣದ ಹೊತ್ತಿಗೆ ಬಣ್ಣ ಸಿಪ್ಪೆಯೆದ್ದು ಮತ್ತೆ ಅದೇ ತುಕ್ಕು. ಅದೇ ಕಟ್ಟಡದ ಅಡುಗೆಮನೆಯಲ್ಲಿರುವ ಅಲ್ಯೂಮಿನಿಯಂ ಡಬ್ಬಿಗೆ ಯಾರೂ ಬಣ್ಣ ಬಳಿಯುವುದಿಲ್ಲ, ಆದರೂ ಅದು ವರ್ಷಗಟ್ಟಲೆ ಹಾಗೇ ಇರುತ್ತದೆ. ಅಲ್ಯೂಮಿನಿಯಂಗೆ ತುಕ್ಕೇ ಹಿಡಿಯುವುದಿಲ್ಲ ಎಂದುಕೊಂಡರೆ ತಪ್ಪು. ಗಾಳಿ ತಾಗಿದ ಕ್ಷಣದಲ್ಲೇ ಅದಕ್ಕೆ ಆಕ್ಸೈಡಿನ ತೆಳು ಪೊರೆ ಬರುತ್ತದೆ. ವ್ಯತ್ಯಾಸ ಇಷ್ಟೇ: ಕಬ್ಬಿಣದ ತುಕ್ಕು ಪುಡಿಪುಡಿಯಾಗಿ ಉದುರಿ ಹೊಸ ಲೋಹವನ್ನು ಗಾಳಿಗೊಡ್ಡುತ್ತದೆ. ಅಲ್ಯೂಮಿನಿಯಂನ ಪೊರೆ ಗಟ್ಟಿಯಾಗಿ ಅಂಟಿಕೊಂಡು ಒಳಗಿನದನ್ನು ಕಾಯುತ್ತದೆ. ಒಂದು ತುಕ್ಕು ತಿನ್ನುತ್ತದೆ, ಇನ್ನೊಂದು ತುಕ್ಕು ಕಾಯುತ್ತದೆ.

ತಾನಾಗಿ ಇಂಥ ಪೊರೆ ಬಾರದ ಲೋಹಕ್ಕೆ ನಾವೇ ಪೊರೆ ಹಚ್ಚಬೇಕು. ಅದಕ್ಕೇ ಹುಟ್ಟಿದ್ದು ಕಲಾಯಿ. ಹಿತ್ತಾಳೆ ಪಾತ್ರೆಯಲ್ಲಿ ಹುಣಸೆಹುಳಿ ಹಾಕಿದ ಸಾರು ಇಟ್ಟರೆ ಕಿಲುಬು ಏಳುತ್ತದೆ ಎಂದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಕಲಾಯಿಯವನು ಬೀದಿಗೆ ಬಂದು ತಿದಿ ಊದಿ, ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರದ ಕಡ್ಡಿಯನ್ನು ತಾಗಿಸಿ ಅರಿವೆಯಿಂದ ಸರ್ರನೆ ಒರೆಸಿದರೆ ಒಳಮೈ ಬೆಳ್ಳಿಯಂತೆ ಹೊಳೆಯುತ್ತಿತ್ತು. ಪುಣೆಯಲ್ಲಿ ಇದೇ ಕೆಲಸಕ್ಕೆ ಕಲ್ಹಈ ಎನ್ನುತ್ತಾರೆ. ಕಸಬಾ ಪೇಟೆಯ ತಾಂಬಟ ಆಳಿಯಲ್ಲಿ ತಾಮ್ರ ಬಡಿಯುವ ಸದ್ದು ಕೇಳಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಈ ಸಲ ಹೇಳಹೊರಟಿರುವುದು ಇದೇ ಕಲಾಯಿಯ ದೊಡ್ಡಣ್ಣನ ಚರಿತ್ರೆ. ಅಣುಸ್ಥಾವರದ ಒಳಗಿನ ಕೊಳವೆಗಳ ಮೈಮೇಲಿರುವ ಪೊರೆಯ ಕಥೆ. ಕೇಳುಗರಿಗೆ ಇದು ದೂರದ ಮಾತೆನಿಸಬಹುದು. ಆದರೆ ಬಿಬವೇವಾಡಿಯಲ್ಲಿ ಕುಳಿತು ರೇಡಿಯೋ ಹಚ್ಚಿದಾಗ ಬರುವ ಕರೆಂಟು ಪಶ್ಚಿಮ ವಲಯದ ಗ್ರಿಡ್ಡಿನದು. ಗುಜರಾತಿನ ಕಾಕ್ರಾಪಾರ ಅಣುಸ್ಥಾವರದಿಂದ ಮಹಾರಾಷ್ಟ್ರಕ್ಕೂ ಪಾಲು ಇದೆ. ಊರಿನಲ್ಲಿರುವ ಅಣ್ಣ ತಮ್ಮಂದಿರು ಟಿ.ವಿ. ಹಚ್ಚಿದರೆ ಅಲ್ಲಿ ಕೈಗಾದ ಪಾಲು. ನಾವು ಪುಣೆ ಕನ್ನಡಿಗರು ಈ ಎರಡು ಸ್ಥಾವರಗಳ ನಡುವೆ ಹಂಚಿಹೋದವರು.

2016ರಲ್ಲಿ ಈ ಎರಡು ಕಡೆ ಎರಡು ಘಟನೆ ನಡೆದವು. ಮಾರ್ಚ್ 11ರಂದು ಬೆಳಿಗ್ಗೆ ಕಾಕ್ರಾಪಾರದ ಮೊದಲನೇ ಘಟಕದಲ್ಲಿ ಒಂದು ಕೊಳವೆ ಸೋರಿ ಸ್ಥಾವರ ತಾನಾಗಿ ನಿಂತುಹೋಯಿತು. ಎರಡು ತಿಂಗಳ ನಂತರ, ಮೇ 13ರಂದು ಕೈಗಾದ ಮೊದಲನೇ ಘಟಕ ಶುರುವಾಯಿತು. ಅದು ನಿಂತದ್ದು 2018ರ ಡಿಸೆಂಬರ್ 31ಕ್ಕೆ. ಒಟ್ಟು 962 ದಿನ ಎಡೆಬಿಡದೆ ಓಡಿ ಆಗಿನ ಮಟ್ಟಿಗೆ ಜಗತ್ತಿನ ದಾಖಲೆ ಬರೆಯಿತು. ಎರಡೂ ಒಂದೇ ಮಾದರಿಯ, 220 ಮೆಗಾವ್ಯಾಟಿನ ಭಾರಜಲ ರಿಯಾಕ್ಟರುಗಳು. ಎರಡರ ಕೊಳವೆಗಳೂ ಒಂದೇ ಮಿಶ್ರಲೋಹದವು, ಹೈದರಾಬಾದಿನ ಒಂದೇ ಕಾರ್ಖಾನೆಯಲ್ಲಿ ಆದವು. ಹಾಗಿದ್ದರೆ ಒಂದು ಯಾಕೆ ಸೋರಿತು, ಇನ್ನೊಂದು ಯಾಕೆ ದಾಖಲೆ ಮಾಡಿತು?

ಉತ್ತರಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಜಿರ್ಕೋನಿಯಂ ಎಂಬ ಧಾತುವನ್ನು ಗುರುತಿಸಿದವನು ಜರ್ಮನಿಯ ಕ್ಲಾಪ್ರೋತ್, 1789ರಲ್ಲಿ, ಸಿಂಹಳದಿಂದ ಬಂದ ಒಂದು ಹರಳಿನಿಂದ. ಆಮೇಲೆ ನೂರೈವತ್ತು ವರ್ಷ ಅದಕ್ಕೆ ಹೇಳಿಕೊಳ್ಳುವಂಥ ಉದ್ಯೋಗವೇ ಇರಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ನೌಕಾಪಡೆಯ ಅಧಿಕಾರಿ ಹೈಮನ್ ರಿಕೋವರ್ ಅಣುಶಕ್ತಿಯಿಂದ ಓಡುವ ಜಲಾಂತರ್ಗಾಮಿ ಕಟ್ಟಲು ಹೊರಟ. ಯುರೇನಿಯಂಗೆ ಒಂದು ಅಂಗಿ ಬೇಕಿತ್ತು. ಅದು ಕುದಿಬಿಸಿ ನೀರಿನಲ್ಲಿ ಕೊಳೆಯಬಾರದು, ನ್ಯೂಟ್ರಾನುಗಳನ್ನೂ ನುಂಗಬಾರದು. ಉಕ್ಕು ಮೊದಲನೆಯದರಲ್ಲಿ ಪಾಸು, ಎರಡನೆಯದರಲ್ಲಿ ಫೇಲು. ಜಿರ್ಕೋನಿಯಂ ನ್ಯೂಟ್ರಾನುಗಳನ್ನು ಬಹುಮಟ್ಟಿಗೆ ಹಾಗೇ ಹಾಯಗೊಡುತ್ತದೆ. ಆದರೆ ಅದರ ಅದಿರಿನಲ್ಲಿ ಹಾಫ್ನಿಯಂ ಎಂಬ ಅವಳಿ ಧಾತು ಸದಾ ಬೆರೆತಿರುತ್ತದೆ. ಅದು ನ್ಯೂಟ್ರಾನುಗಳ ಮಹಾ ಭಕ್ಷಕ. ಎರಡನ್ನೂ ಬೇರ್ಪಡಿಸುವುದು ಕಷ್ಟ, ಖರ್ಚು ಬೇರೆ. ರಿಕೋವರ್ ಹಟ ಹಿಡಿದು ಮಾಡಿಸಿದ.

ಶುದ್ಧ ಜಿರ್ಕೋನಿಯಂ ಬಿಸಿನೀರಿನಲ್ಲಿ ಒಮ್ಮೆ ಚೆನ್ನಾಗಿರುತ್ತಿತ್ತು, ಒಮ್ಮೆ ಬಿಳಿ ಪುಡಿಯಾಗಿ ಉದುರುತ್ತಿತ್ತು. ಲೋಹದೊಳಗೆ ಅಲ್ಪಸ್ವಲ್ಪ ಸೇರಿಕೊಂಡ ಸಾರಜನಕ ಆಕ್ಸೈಡಿನ ಪೊರೆಯನ್ನು ಕೆಡಿಸುತ್ತದೆ ಎಂದು ತಿಳಿಯಿತು. ಅದಕ್ಕೆ ಮದ್ದಾಗಿ ಸೇರಿಸಿದ್ದು ಏನು ಗೊತ್ತೆ? ತವರ! ನಮ್ಮ ಕಲಾಯಿಯವನ ಕೈಯಲ್ಲಿದ್ದ ಅದೇ ತವರ. ಅವನು ಮೇಲಿಂದ ಬಳಿದ, ಇವರು ಒಳಗೇ ಬೆರೆಸಿದರು. ಮೊದಲ ಮಿಶ್ರಣ ಪೂರ್ತಿ ಸಾಲಲಿಲ್ಲ. ಅಷ್ಟರಲ್ಲಿ ಒಂದು ಗಟ್ಟಿಗೆ ಕರಗಿಸುವಾಗ ಅಕಸ್ಮಾತ್ತಾಗಿ ಸ್ಟೇನ್‌ಲೆಸ್ ಸ್ಟೀಲಿನ ಅಂಶ ಬೆರೆತುಹೋಯಿತು. ಎಸೆಯಬೇಕಾಗಿದ್ದ ಆ ಗಟ್ಟಿಯೇ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ತಾಳಿತು. ಹೀಗೆ ಸುಮಾರು ಶೇಕಡಾ 1.5 ತವರ, ಜೊತೆಗೆ ಚಿಟಿಕೆಯಷ್ಟು ಕಬ್ಬಿಣ, ಕ್ರೋಮಿಯಂ, ನಿಕಲ್ ಇರುವ ಜಿರ್ಕಲಾಯ್-2 ಹುಟ್ಟಿತು. ಹೆಸರಿನಲ್ಲೇ ಕಲಾಯಿ ಇದೆ ಎಂದು ಕನ್ನಡದ ಕಿವಿಗೆ ಕೇಳಿಸಿದರೆ ಅದು ಕಾಕತಾಳೀಯ, ಆದರೆ ಅರ್ಥ ಮಾತ್ರ ತಪ್ಪಿಲ್ಲ. 1955ರ ಜನವರಿಯಲ್ಲಿ ನಾಟಿಲಸ್ ಎಂಬ ಜಲಾಂತರ್ಗಾಮಿ ಅಣುಶಕ್ತಿಯಿಂದ ಸಮುದ್ರಕ್ಕಿಳಿದಾಗ ಅದರ ಹೊಟ್ಟೆಯಲ್ಲಿದ್ದದ್ದು ಜಿರ್ಕೋನಿಯಂ.

ನಮ್ಮ ದೇಶದಲ್ಲಿ ಈ ವಿದ್ಯೆ ಬೇರೂರಿದ ಕಥೆಗೆ ಬೆಂಗಳೂರಿನ ನಂಟಿದೆ. ಲಾಹೋರಿನಲ್ಲಿ ಹುಟ್ಟಿದ ಡಾ. ಬ್ರಹ್ಮಪ್ರಕಾಶ್ 1951ರಿಂದ 1957ರವರೆಗೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ, ಲೋಹಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದರು. ಆ ಹುದ್ದೆಗೆ ಬಂದ ಮೊದಲ ಭಾರತೀಯರು ಅವರೇ. ಅಲ್ಲಿಂದ ಟ್ರಾಂಬೆಗೆ ಹೋಗಿ ಅಣುಶಕ್ತಿಯ ಲೋಹವಿದ್ಯೆಯನ್ನು ಕಟ್ಟಿದರು. ಕೇರಳ, ತಮಿಳುನಾಡಿನ ಕಡಲತೀರದ ಮರಳಿನಲ್ಲಿ ಜಿರ್ಕೋನಿಯಂ ಅದಿರು ಧಾರಾಳವಾಗಿದೆ. ಅದರಿಂದ ಹಾಫ್ನಿಯಂ ಕಿತ್ತು, ಲೋಹ ತೆಗೆದು, ಕೊಳವೆ ಎಳೆಯುವವರೆಗಿನ ಸಕಲವನ್ನೂ ಇಲ್ಲಿಯೇ ಮಾಡಬೇಕೆಂಬುದು ಗುರಿ. 1971ರಲ್ಲಿ ಹೈದರಾಬಾದಿನಲ್ಲಿ ಅಣು ಇಂಧನ ಸಂಕೀರ್ಣ ಸ್ಥಾಪನೆಯಾಯಿತು. 1974ರಲ್ಲಿ, ತುಮಕೂರಿನ ರಾಜಾ ರಾಮಣ್ಣನವರ ಮುಂದಾಳತ್ವದಲ್ಲಿ ಪೋಖರಣ್ ಸ್ಫೋಟವಾದ ಮೇಲೆ ಕೆನಡಾ ಕೈಬಿಟ್ಟಿತು. ಕೊಳವೆ ನಾವೇ ಮಾಡಿಕೊಳ್ಳದೆ ಬೇರೆ ದಾರಿಯೇ ಉಳಿಯಲಿಲ್ಲ.

ಈ ಕೊಳವೆ ಹೇಗಿರುತ್ತದೆ ನೋಡೋಣ. ಕೈಗಾದಂಥ ರಿಯಾಕ್ಟರಿನ ಹೃದಯದಲ್ಲಿ ಅಡ್ಡಡ್ಡ ಮಲಗಿಸಿದ 306 ಒತ್ತಡದ ಕೊಳವೆಗಳಿವೆ. ಒಳಗಿನ ಅಗಲ ಎಂಟು ಸೆಂಟಿಮೀಟರಿಗೆ ತುಸು ಹೆಚ್ಚು, ಗೋಡೆಯ ದಪ್ಪ ಮೂರೂವರೆ ಮಿಲಿಮೀಟರಿನ ಆಸುಪಾಸು. ಪ್ರತಿಯೊಂದರಲ್ಲೂ 12 ಇಂಧನದ ಕಂತೆಗಳು. ಅವುಗಳ ನಡುವೆ ಸುಮಾರು 290 ಡಿಗ್ರಿಯವರೆಗೆ ಕಾಯುವ ಭಾರಜಲ ಹರಿಯುತ್ತದೆ. ಒತ್ತಡವೋ, ನಮ್ಮ ಅಡುಗೆಮನೆಯ ಕುಕ್ಕರಿನ ಹತ್ತಾರು ಪಟ್ಟು. ಒತ್ತಡದ ಕೊಳವೆಯ ಸುತ್ತ ಇನ್ನೊಂದು ಕೊಳವೆ. ಎರಡರ ನಡುವಿನ ಸಂದಿಯಲ್ಲಿ ಒಣ ಇಂಗಾಲದ ಡೈ ಆಕ್ಸೈಡ್ ಅನಿಲ ಓಡಾಡುತ್ತಿರುತ್ತದೆ. ಥರ್ಮಾಸ್ ಫ್ಲಾಸ್ಕಿನ ಸಂದಿಯಂತೆ ಅದು ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಒಳಗಿನ ಕೊಳವೆ ಸೋರಿದರೆ ಅನಿಲದಲ್ಲಿ ತೇವ ಕಾಣಿಸಿಕೊಳ್ಳುತ್ತದೆ, ಆದ್ದರಿಂದ ಕಾವಲುಗಾರನೂ ಹೌದು. ಈ ಅನಿಲವನ್ನು ನೆನಪಿಡಿ.

ಕಾರ್ಖಾನೆ ಬಿಡುವ ಮುನ್ನ ಈ ಕೊಳವೆಗಳನ್ನು ಸುಮಾರು 400 ಡಿಗ್ರಿಯ ಉಗಿಯಲ್ಲಿ ಒಂದು ದಿನಕ್ಕೂ ಹೆಚ್ಚು ಹೊತ್ತು ಬೇಯಿಸುತ್ತಾರೆ. ಹೊರಗೆ ಬಂದಾಗ ಕೊಳವೆ ಕಪ್ಪಗೆ ಮಿರಿಮಿರಿ ಮಿಂಚುತ್ತದೆ. ಬೇಕೆಂದೇ ಹಿಡಿಸಿದ ತುಕ್ಕು ಅದು. ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟು ದಪ್ಪ. ನಮ್ಮ ತಲೆಗೂದಲು ಅದಕ್ಕಿಂತ ಐವತ್ತು ಪಟ್ಟಿಗೂ ಹೆಚ್ಚು ದಪ್ಪವಿರುತ್ತದೆ. ಇಂಧನದ ಕಡ್ಡಿಗಳಿಗೂ ಒಂದು ಲೇಪವುಂಟು. ಅವುಗಳ ಕವಚದ ಒಳಮೈಗೆ ಗ್ರಾಫೈಟ್ ಬಳಿಯುತ್ತಾರೆ. ಯುರೇನಿಯಂ ಒಡೆದಾಗ ಹುಟ್ಟುವ ಅಯೋಡಿನ್ ಲೋಹವನ್ನು ಸೀಳದಿರಲೆಂದು ಮಾಡಿದ ಉಪಾಯ, ಕೆನಡಾದವರು ಕಂಡುಕೊಂಡದ್ದು.

ಪೊರೆ ಇದ್ದ ಮೇಲೆ ಚಿಂತೆ ಏನು? ಪೊರೆ ಬೆಳೆಯುವಾಗ ನೀರಿನಿಂದ ಆಮ್ಲಜನಕ ತೆಗೆದುಕೊಳ್ಳುತ್ತದೆ, ಬಿಡುಗಡೆಯಾದ ಹೈಡ್ರೋಜನ್ನಿನಲ್ಲಿ (ಭಾರಜಲವಾದ್ದರಿಂದ ಇಲ್ಲಿ ಡ್ಯುಟೀರಿಯಂ) ಸ್ವಲ್ಪ ಭಾಗ ಲೋಹದೊಳಕ್ಕೆ ನುಸುಳುತ್ತದೆ. ಅದು ತಣ್ಣನೆಯ ಜಾಗ ಹುಡುಕಿ ಅಲ್ಲಿ ಗುಳ್ಳೆಗಟ್ಟುತ್ತದೆ. 1983ರ ಆಗಸ್ಟ್ 1ರಂದು ಕೆನಡಾದ ಪಿಕರಿಂಗ್ ಸ್ಥಾವರದ ಎರಡನೇ ಘಟಕದಲ್ಲಿ ಆದದ್ದು ಇದೇ. ಎರಡು ಕೊಳವೆಗಳನ್ನು ದೂರ ಇಡುವ ಸ್ಪ್ರಿಂಗು ಜರುಗಿ, ಬಿಸಿ ಕೊಳವೆ ಜೋತು ಹೊರಗಿನ ತಂಪು ಕೊಳವೆಗೆ ತಾಗಿತು. ತಾಗಿದಲ್ಲಿ ಗುಳ್ಳೆ, ಗುಳ್ಳೆಯಿಂದ ಬಿರುಕು. ಕೊಳವೆ ಸುಮಾರು ಎರಡು ಮೀಟರ್ ಉದ್ದಕ್ಕೆ ಸೀಳಿಕೊಂಡಿತು.

ಆಗ ನಮ್ಮಲ್ಲಿ ರಾವತ್‌ಭಾಟಾ, ಕಲ್ಪಾಕ್ಕಂ, ನರೋರಾಗಳ ತಲಾ ಎರಡು ಘಟಕ ಮತ್ತು ಕಾಕ್ರಾಪಾರದ ಮೊದಲನೆಯದು, ಹೀಗೆ ಏಳು ರಿಯಾಕ್ಟರುಗಳಿಗೆ ಹಾಕಿದ್ದದ್ದು ಅಥವಾ ಹಾಕಲು ತಯಾರಿದ್ದದ್ದು ಜಿರ್ಕಲಾಯ್-2. ಹೈಡ್ರೋಜನ್ನನ್ನು ಕಡಿಮೆ ಹೀರುವ, ಶೇಕಡಾ 2.5 ನಿಯೋಬಿಯಂ ಬೆರೆಸಿದ ಜಿರ್ಕೋನಿಯಂ ಮೊದಲು ಬಂದದ್ದು ಕಾಕ್ರಾಪಾರದ ಎರಡನೇ ಘಟಕಕ್ಕೆ. ಕೈಗಾದ ನಾಲ್ಕೂ ಘಟಕಗಳಿಗೆ ಶುರುವಿನಿಂದಲೇ ಅದು. ಹಳೆಯ ಏಳರಲ್ಲಿ ಆರಕ್ಕೆ ಎಲ್ಲ 306 ಕೊಳವೆಗಳನ್ನೂ ಕಿತ್ತು ಹೊಸದು ಹಾಕಲಾಯಿತು. ವಿಕಿರಣದ ನಡುವೆ, ದೂರದಿಂದ ನಡೆಸುವ ಸಲಕರಣೆಗಳಿಂದ ಮಾಡುವ ಕೆಲಸ. ಒಂದೊಂದಕ್ಕೂ ವರ್ಷಗಟ್ಟಲೆ ಹಿಡಿಯಿತು. ಕಾಕ್ರಾಪಾರದ ಮೊದಲನೇ ಘಟಕವನ್ನು 2008ರಲ್ಲಿ ಇದಕ್ಕಾಗಿ ನಿಲ್ಲಿಸಿ 2011ರಲ್ಲಿ ಮತ್ತೆ ಓಡಿಸಿದರು. ಹೊಸ ಮಿಶ್ರಲೋಹ, ಹೊಸ ಕೊಳವೆ. ಎಲ್ಲರೂ ನಿಟ್ಟುಸಿರು ಬಿಟ್ಟರು.

ಅದೇ ಘಟಕವೇ ಐದು ವರ್ಷದಲ್ಲಿ ಸೋರಿದ್ದು. ಫುಕುಶಿಮಾ ದುರಂತಕ್ಕೆ ಸರಿಯಾಗಿ ಐದು ವರ್ಷ ತುಂಬಿದ ದಿನ. ಎರಡನೇ ಘಟಕದಲ್ಲಿ ಅದಕ್ಕೂ ಮೊದಲೇ, 2015ರ ಜುಲೈ 1ರಂದು, ಇಂಥದೇ ಸೋರಿಕೆಯಾಗಿತ್ತು. ಸೋರುವ ಕೊಳವೆ ಯಾವುದೆಂದು ಗುರುತಿಸಿ, ಇಂಧನ ಖಾಲಿ ಮಾಡಿ, ಬಾಯಿ ಮುಚ್ಚಿ ತುರ್ತು ಸ್ಥಿತಿ ಹಿಂತೆಗೆದುಕೊಳ್ಳಲು ಹತ್ತು ದಿನ ಬೇಕಾಯಿತು. ಹೊರಗಿನ ಜನಕ್ಕೆ ಅಪಾಯವಾಗಲಿಲ್ಲ. ಆದರೆ ಕೊಳವೆಯನ್ನು ಹೊರತೆಗೆದು ನೋಡಿದವರು ಬೆರಗಾದರು. ಇಷ್ಟು ದಿನ ಎಲ್ಲರ ಚಿಂತೆ ಒಳಮೈ ಬಗ್ಗೆ, ಕುದಿಬಿಸಿ ಭಾರಜಲ ತಾಗುವ ಬದಿಯ ಬಗ್ಗೆ. ಇಲ್ಲಿ ಕೆಟ್ಟಿದ್ದು ಹೊರಮೈ! ಸಿಡುಬಿನ ಕಲೆಗಳಂತೆ ಅಲ್ಲಲ್ಲಿ ಗಂಟುಗಂಟಾದ ತುಕ್ಕು. ಆ ಬದಿಗೆ ನೀರೇ ತಾಗುವುದಿಲ್ಲ. ತಾಗುವುದು ಆ ಸಂದಿಯ ಅನಿಲ ಒಂದೇ.

ಸಂಶಯದ ಬೆರಳು ಅನಿಲದ ಕಡೆ ತಿರುಗಿತು. ಇಂಗಾಲದ ಡೈ ಆಕ್ಸೈಡಿನೊಳಗೆ ಕಶ್ಮಲವಾಗಿ ಹೈಡ್ರೋಕಾರ್ಬನ್ ಸೇರಿತ್ತು ಎಂಬುದು ತನಿಖೆಯಲ್ಲಿ ಹೊರಬಂತು. ಸೋಡಾ ಬಾಟಲಿಗೆ ತುಂಬುವಂಥ ಸಾಧು ಅನಿಲ ಎಂದು ಯಾರೂ ಅದನ್ನು ಅಷ್ಟಾಗಿ ಲೆಕ್ಕಕ್ಕೆ ಹಿಡಿದಿರಲಿಲ್ಲ ಎನ್ನಬೇಕು. ಪೊರೆಯ ಸ್ವಭಾವ ಗೊತ್ತಿದ್ದವರಿಗೆ ಇನ್ನೊಂದು ಸೂಕ್ಷ್ಮವೂ ಗೊತ್ತು: ಪೊರೆಗೆ ಸಣ್ಣ ಗಾಯವಾದರೆ ಮಾಯಲು ಆಮ್ಲಜನಕ ಬೇಕು. ಕೆನಡಾದ ಸ್ಥಾವರಗಳಲ್ಲಿ ಈ ಅನಿಲಕ್ಕೆ ಬೇಕೆಂದೇ ಸ್ವಲ್ಪ ಆಮ್ಲಜನಕ ಬೆರೆಸುತ್ತಾರೆ. ತುಕ್ಕು ತಡೆಯಲು ಆಮ್ಲಜನಕ ಹಾಕುವುದು ಕೇಳಲು ವಿಚಿತ್ರ. ಕಪ್ಪು ಪೊರೆಯ ಲೆಕ್ಕ ಹಿಡಿದರೆ ನೇರ.

ಎರಡೂ ಘಟಕಗಳ ಕೊಳವೆಗಳನ್ನು ಪೂರ್ತಿ ಬದಲಿಸಬೇಕಾಯಿತು. ಮೊದಲನೆಯದಕ್ಕೆ ಹತ್ತೇ ವರ್ಷದೊಳಗೆ ಇದು ಎರಡನೇ ಸಲ! ಎರಡನೇ ಘಟಕ 2018ರಲ್ಲಿ, ಮೊದಲನೆಯದು 2019ರಲ್ಲಿ ಮತ್ತೆ ಓಡಿದವು. ಈ ನಡುವಿನ ಕಾಲದಲ್ಲಿ ಜನಸಾಮಾನ್ಯರಿಗೆ ಸಿಕ್ಕ ವಿವರ ಕಡಿಮೆ. ನಮ್ಮ ಅಣು ವಿಭಾಗದವರು ಲೋಹದ ಪೊರೆಗಿಂತ ಗಟ್ಟಿಯಾದ ಪೊರೆಯನ್ನು ಮಾತಿಗೆ ಹಚ್ಚಿಕೊಂಡಿರುತ್ತಾರೆ. ದೊಡ್ಡ ಅಪಾಯ ತಪ್ಪಿದ್ದು ನಿಜವೇ. ಅದನ್ನು ಬಿಡಿಸಿ ಹೇಳಿದ್ದರೆ ಅವರ ಮಾತಿಗೇ ತೂಕ ಬರುತ್ತಿತ್ತು.

ಕೈಗಾದ ವಿಷಯದಲ್ಲಂತೂ ಈ ಮೌನದ ಬೆಲೆ ನಮ್ಮವರಿಗೆ ಗೊತ್ತು. ಕಾಳಿ ನದಿಯ ದಡದ ಕಾಡಿನಲ್ಲಿ ಸ್ಥಾವರ ಬೇಡವೆಂದು ಶಿವರಾಮ ಕಾರಂತರು ಎಂಬತ್ತೇಳರ ವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ಉತ್ತರ ಕನ್ನಡದಿಂದ ನಿಂತರು. ಸೋತರು. 1994ರ ಮೇ 13ರಂದು ಕಟ್ಟುತ್ತಿದ್ದ ಮೊದಲನೇ ಘಟಕದ ಒಳಗುಮ್ಮಟದ ಕಾಂಕ್ರೀಟು ಕಳಚಿ ಬಿತ್ತು. ಕಾರಂತರು ಹೇಳಿದ್ದು ಸರಿಯೇ ಆಯಿತು ಎಂದು ಊರೆಲ್ಲ ಮಾತು. ಗುಮ್ಮಟದ ವಿನ್ಯಾಸ ತಿದ್ದಿ ಮತ್ತೆ ಕಟ್ಟಿದರು. 2000ದ ನವೆಂಬರಿನಿಂದ ಆ ಘಟಕ ವಿದ್ಯುತ್ ಮಾರತೊಡಗಿತು. ಅದೇ ಘಟಕ, ಅದೇ ಮೇ 13ರ ತಾರೀಖು, 2016ರಲ್ಲಿ ದಾಖಲೆಯ ಓಟ ಹಿಡಿದದ್ದು. ಪಂಚಾಂಗದವರು ಏನನ್ನುತ್ತಾರೋ! 962 ದಿನಗಳಲ್ಲಿ ಅದು ಕೊಟ್ಟದ್ದು ಸುಮಾರು 500 ಕೋಟಿ ಯೂನಿಟ್. ಈ ಮಾದರಿಯಲ್ಲಿ ಓಡುತ್ತಿರುವಾಗಲೇ ಇಂಧನ ಬದಲಿಸಬಹುದು, ಆದ್ದರಿಂದ ನಿಲ್ಲಿಸುವ ಗರಜಿಲ್ಲ. ಆದರೆ ಅಷ್ಟು ದಿನವೂ 306 ಕೊಳವೆಗಳ ಎರಡೂ ಮೈಗಳ ಪೊರೆ ಹಾಗೇ ಇರಬೇಕು.

ಕಾಕ್ರಾಪಾರಕ್ಕೂ ಕೈಗಾಕ್ಕೂ ಲೋಹ ಒಂದೇ, ಕಾರ್ಖಾನೆ ಒಂದೇ. ಬೇರೆಯಾದದ್ದು ಪೊರೆಗೆ ತಾಗಿದ ಗಾಳಿ. ಮಿಶ್ರಲೋಹಕ್ಕೆ ತುಕ್ಕು ತಡೆಯುವ ಗುಣ ಇದೆ ಎಂದು ನಾವು ಸಲೀಸಾಗಿ ಹೇಳುತ್ತೇವೆ. ಆ ಗುಣ ಲೋಹ, ಪೊರೆ, ಪೊರೆಗೆ ತಾಗುವ ವಸ್ತು ಈ ಮೂರಕ್ಕೂ ಸೇರಿದ್ದು. ಮೂರನೆಯದು ಬದಲಾದರೆ ಮೊದಲೆರಡರ ಸರ್ಟಿಫಿಕೇಟು ನಡೆಯುವುದಿಲ್ಲ.

ಮುಂದಿನ ಪೀಳಿಗೆಯ ರಿಯಾಕ್ಟರುಗಳಲ್ಲಿ ಈ ಮಾತು ಇನ್ನೂ ಬಿಗಿಯಾಗುತ್ತದೆ. ಕಲ್ಪಾಕ್ಕಂನ ಫಾಸ್ಟ್ ಬ್ರೀಡರಿನಲ್ಲಿ ಬಿಸಿ ಒಯ್ಯುವುದು ನೀರಲ್ಲ, ಕರಗಿದ ಸೋಡಿಯಂ. ಸೋಡಿಯಂ ಆಮ್ಲಜನಕಕ್ಕೆ ಹಸಿದ ಲೋಹ. ಉಕ್ಕಿನ ಮೇಲಿನ ಆಕ್ಸೈಡನ್ನೇ ಕಿತ್ತುಕೊಳ್ಳುತ್ತದೆ. ಪೊರೆ ಕಳಚಿದ ಎರಡು ಬೆತ್ತಲೆ ಉಕ್ಕಿನ ಮೈಗಳು ಒತ್ತಿಕೊಂಡರೆ ಬೆಸುಗೆ ಹಾಕಿದಂತೆ ಅಂಟುತ್ತವೆ. ಅದಕ್ಕೆ ಉಜ್ಜಾಡುವ ಭಾಗಗಳಿಗೆ ಗಟ್ಟಿ ಲೇಪ ಬೇಕು. ಎಲ್ಲ ಕಡೆ ರೂಢಿಯಲ್ಲಿದ್ದ ಸ್ಟೆಲ್ಲೈಟಿನಲ್ಲಿ ಕೋಬಾಲ್ಟ್ ಇದೆ. ನ್ಯೂಟ್ರಾನ್ ತಾಗಿ ಅದು ತೀವ್ರ ವಿಕಿರಣದ ಕೋಬಾಲ್ಟ್-60 ಆಗಿಬಿಡುತ್ತದೆ, ರಿಪೇರಿಗೆ ಹೋದವರಿಗೆ ಅಪಾಯ. ಆದ್ದರಿಂದ ಕಲ್ಪಾಕ್ಕಂನವರು ನಿಕಲ್ ಆಧಾರದ ಕೋಲ್ಮನಾಯ್ ಆರಿಸಿಕೊಂಡರು.

ನೀರಿನ ರಿಯಾಕ್ಟರುಗಳ ಮಟ್ಟಿಗೆ ಹೊಸ ಲೇಪವನ್ನು ಹುಡುಕಿಸಿದ್ದು ಫುಕುಶಿಮಾ. 2011ರ ಮಾರ್ಚ್ 11ರ ಸುನಾಮಿಯಿಂದ ಅಲ್ಲಿ ತಂಪು ಮಾಡುವ ವ್ಯವಸ್ಥೆ ಕೆಟ್ಟು, ಜಿರ್ಕೋನಿಯಂ ಕವಚ ವಿಪರೀತ ಕಾದು, ಉಗಿಯೊಡನೆ ಉರಿದಂತೆ ಸೇರಿ ಹೈಡ್ರೋಜನ್ ಹೊರಹಾಕಿತು. ಕಟ್ಟಡಗಳ ಮಾಡು ಹಾರಿಸಿದ್ದು ಆ ಹೈಡ್ರೋಜನ್. ಅರುವತ್ತು ವರ್ಷ ಕಾಯ್ದ ಪೊರೆ ಆ ಬಿಸಿಗೆ ಉಪಯೋಗಕ್ಕೆ ಬರಲಿಲ್ಲ. ಆಮೇಲೆ ಎಂಜಿನಿಯರುಗಳು ಮರಳಿದ್ದು ಕಲಾಯಿಯವನ ದಾರಿಗೆ, ಮೇಲಿಂದ ಹಚ್ಚುವುದಕ್ಕೆ. ತವರದ ಬದಲು ಕ್ರೋಮಿಯಂ. ಅದರ ಸಣ್ಣ ಕಣಗಳನ್ನು ಕರಗಿಸದೆ, ಬಂದೂಕಿನ ಗುಂಡಿನಂತೆ ರಭಸದಿಂದ ಕವಚಕ್ಕೆ ಅಪ್ಪಳಿಸಿ ಅಂಟಿಸುವುದು ಒಂದು ಬಗೆ. ನಿರ್ವಾತದಲ್ಲಿ ಆವಿಯಾಗಿಸಿ ಕೂರಿಸುವುದು ಇನ್ನೊಂದು. 2019ರಲ್ಲಿ ಅಮೆರಿಕದ ವೋಗ್ಟಲ್ ಮತ್ತು ಬೈರನ್ ಸ್ಥಾವರಗಳಲ್ಲಿ ಇಂಥ ಕ್ರೋಮಿಯಂ ಕವಚದ ಕಡ್ಡಿಗಳನ್ನು ನಿಜವಾದ ರಿಯಾಕ್ಟರಿನೊಳಗೆ ಇಳಿಸಿ ಪರೀಕ್ಷೆ ಶುರು ಮಾಡಿದರು.

ಈ ಲೇಪ ಎಲ್ಲಕ್ಕೂ ಮದ್ದಲ್ಲ. ಕ್ರೋಮಿಯಂ ಒಂಟಿಯಾಗಿ ಕರಗಲು 1,900 ಡಿಗ್ರಿ ಬೇಕು, ಜಿರ್ಕೋನಿಯಂಗೆ 1,850. ಆದರೆ ಎರಡೂ ಒಂದಕ್ಕೊಂದು ತಾಗಿಕೊಂಡಿದ್ದರೆ ಸುಮಾರು 1,330 ಡಿಗ್ರಿಗೇ ಕೂಡಿ ಕರಗತೊಡಗುತ್ತವೆ. ಅಲ್ಲಿಯವರೆಗೆ ಅದು ಕೊಡುವುದು ಸಮಯ: ಪಂಪು ಸರಿಪಡಿಸಲು, ಬೇರೆ ಕಡೆಯಿಂದ ನೀರು ತರಲು ಬೇಕಾದ ಗಳಿಗೆಗಳು. ಜೊತೆಗೆ ಕ್ರೋಮಿಯಂ ಜಿರ್ಕೋನಿಯಂಗಿಂತ ಹೆಚ್ಚು ನ್ಯೂಟ್ರಾನ್ ನುಂಗುತ್ತದೆ. ಸಮೃದ್ಧಗೊಳಿಸಿದ ಯುರೇನಿಯಂ ಬಳಸುವ ಅಮೆರಿಕದವರಿಗೆ ಅದು ತಡೆಯುತ್ತದೆ. ಗಣಿಯಿಂದ ಬಂದ ನೈಸರ್ಗಿಕ ಯುರೇನಿಯಂ ಮೇಲೇ ಓಡುವ ಕೈಗಾ, ಕಾಕ್ರಾಪಾರಗಳಲ್ಲಿ ಒಂದೊಂದು ನ್ಯೂಟ್ರಾನಿಗೂ ಲೆಕ್ಕವಿದೆ. ಕೂದಲಿಗಿಂತ ತೆಳುವಾದ ಲೇಪವೂ ಅಲ್ಲಿ ತನ್ನ ಸುಂಕ ವಸೂಲು ಮಾಡುತ್ತದೆ.